ನಿಮಿಷಕ್ಕೆ 225 ಪದ: ನ್ಯಾಯಾಲಯದ ಮಾತು ಬರೆಯುವವರ ಅರ್ಹತಾ ಪರೀಕ್ಷೆ



ಸಂಬಳ, ಬಡ್ತಿ, ಖಾಲಿ ಹುದ್ದೆಗಳ ಮಾತು ರಾಜ್ಯದ ನ್ಯಾಯಾಲಯ ಶೀಘ್ರಲಿಪಿಗಾರರ ಈ ಸಮ್ಮೇಳನದ ಗೋಷ್ಠಿಗಳಲ್ಲಿ ಹೇಗೂ ಬರಲಿದೆ. ಅಧ್ಯಕ್ಷ ಪೀಠದಿಂದ ಎತ್ತಬೇಕಾದದ್ದು ಅದಕ್ಕೂ ಹಿಂದಿನ ಪ್ರಶ್ನೆ. ಕಟಕಟೆಯಲ್ಲಿ ನಿಂತವರ ಮಾತನ್ನು ಬರೆದುಕೊಳ್ಳಲು ಯಾರು ಅರ್ಹರು, ಅದನ್ನು ತೀರ್ಮಾನಿಸುವ ಪರೀಕ್ಷೆ ಹೇಗಿರಬೇಕು? ಈ ಪ್ರಶ್ನೆಗೆ ಬಹಳ ವಿವರವಾದ ಉತ್ತರ ಕಟ್ಟಿಕೊಂಡಿರುವ ದೇಶ ಅಮೆರಿಕ. ಅದರ ಉತ್ತರದಲ್ಲಿ ಕಲಿಯುವಂಥದ್ದು ತುಂಬ ಇದೆ, ಒಂದು ದೊಡ್ಡ ಲೋಪವೂ ಇದೆ. ಕರ್ನಾಟಕಕ್ಕೆ ಎರಡರ ಅರಿವೂ ಬೇಕು.

ಐಸಾಕ್ ಪಿಟ್ಮನ್ ತನ್ನ ಧ್ವನಿಲಿಪಿಯನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿದ್ದು 1837ರಲ್ಲಿ. ಅದನ್ನು ಅಮೆರಿಕಕ್ಕೆ ಒಯ್ದು ಬೆಳೆಸಿದವರಲ್ಲಿ ಅವನ ತಮ್ಮ ಬೆನ್ ಪಿಟ್ಮನ್ ಮುಖ್ಯ. 1865ರಲ್ಲಿ ಅಬ್ರಹಾಂ ಲಿಂಕನ್ ಹತ್ಯೆಯ ಸಂಚುಗಾರರನ್ನು ಸೇನಾ ಆಯೋಗ ವಿಚಾರಣೆ ಮಾಡಿದಾಗ ಸಾಕ್ಷ್ಯವನ್ನು ದಾಖಲಿಸಿ, ಸಂಪಾದಿಸಿ ಪುಸ್ತಕವಾಗಿ ಹೊರತಂದವನು ಇದೇ ಬೆನ್. ಆ ವಿಚಾರಣೆಯಲ್ಲಿ ಯಾರು ಏನೆಂದರು ಎಂಬುದು ಇಂದಿಗೂ ಇತಿಹಾಸಕಾರರ ಕೈಗೆ ಸಿಗುವುದು ಶೀಘ್ರಲಿಪಿಯ ದೆಸೆಯಿಂದ. 1899ರಲ್ಲಿ ಅಲ್ಲಿ ನ್ಯಾಯಾಲಯದ ವರದಿಗಾರರು ಎನಿಸಿಕೊಂಡ ಈ ವೃತ್ತಿಯವರು ಷಿಕಾಗೋದಲ್ಲಿ ಸೇರಿ ಸಂಘ ಕಟ್ಟಿದರು. ಅದೇ ಇಂದಿನ ನ್ಯಾಷನಲ್ ಕೋರ್ಟ್ ರಿಪೋರ್ಟರ್ಸ್ ಅಸೋಸಿಯೇಷನ್, ಎಲ್ಲರ ಬಾಯಲ್ಲಿ ಎನ್‌ಸಿಆರ್‌ಎ.

ಪಿಟ್ಮನ್ ಗೆರೆಗಳ ಜಾಗಕ್ಕೆ ಮುಂದೆ ಯಂತ್ರ ಬಂತು. ಸ್ವತಃ ನ್ಯಾಯಾಲಯದ ವರದಿಗಾರನಾಗಿದ್ದ ವಾರ್ಡ್ ಸ್ಟೋನ್ ಐರ್ಲೆಂಡ್ 1910ರ ದಶಕದಲ್ಲಿ ರೂಪಿಸಿದ ಸ್ಟೆನೋಟೈಪ್ ಇಂದಿಗೂ ಅಲ್ಲಿನ ಮುಖ್ಯ ಸಾಧನ. ಕೀಲಿಗಳು 22 ಮಾತ್ರ. ಎಡಗೈಗೆ ಮೊದಲ ವ್ಯಂಜನಗಳು, ಹೆಬ್ಬೆರಳುಗಳಿಗೆ ಸ್ವರಗಳು, ಬಲಗೈಗೆ ಕೊನೆಯ ವ್ಯಂಜನಗಳು. ಎಲ್ಲವನ್ನೂ ಒಟ್ಟಿಗೆ ಒತ್ತಿದರೆ ಒಂದು ಉಚ್ಚಾರ ಮೂಡುತ್ತದೆ. ವ್ಯಂಜನ, ಒತ್ತು, ಗುಣಿತ ಎಲ್ಲ ಕೂಡಿ ಒಂದೇ ಅಕ್ಷರವಾಗುವ ಕನ್ನಡ ಬರವಣಿಗೆ ಬಲ್ಲವರಿಗೆ ಈ ಏರ್ಪಾಟು ಹೊಸದೆನಿಸದು. ಅಕ್ಷರ ಅಕ್ಷರವಾಗಿ ಟೈಪ್ ಮಾಡುವವರು ತಲುಪಲಾಗದ ವೇಗವನ್ನು ಈ ಯಂತ್ರ ಕೊಡುತ್ತದೆ.

ಆ ವೇಗವನ್ನು ಅಳೆಯುವುದು ಎನ್‌ಸಿಆರ್‌ಎ ನಡೆಸುವ ಆರ್‌ಪಿಆರ್ ಪರೀಕ್ಷೆ, ಅಂದರೆ ರಿಜಿಸ್ಟರ್ಡ್ ಪ್ರೊಫೆಷನಲ್ ರಿಪೋರ್ಟರ್ ಅರ್ಹತೆ. ಇದರ ಕೌಶಲ ಭಾಗದಲ್ಲಿ ಮೂರು ಹಂತಗಳಿವೆ. ಮೊದಲನೆಯದು ಸಾಮಾನ್ಯ ಗದ್ಯ, ನಿಮಿಷಕ್ಕೆ 180 ಪದ. ಎರಡನೆಯದು ನ್ಯಾಯಾಧೀಶರು ಜ್ಯೂರಿಗೆ ಕೊಡುವ ಸೂಚನೆ, 200 ಪದ. ಮೂರನೆಯದು ವಕೀಲರ ಪ್ರಶ್ನೆ ಮತ್ತು ಸಾಕ್ಷಿಯ ಉತ್ತರ, 225 ಪದ. ಒಂದೊಂದೂ ಐದು ನಿಮಿಷ. ಬರೆದುಕೊಂಡದ್ದನ್ನು ಶುದ್ಧಪ್ರತಿ ಮಾಡಲು ಪ್ರತಿ ಹಂತಕ್ಕೆ 75 ನಿಮಿಷ. ತೇರ್ಗಡೆಗೆ ಶೇಕಡಾ 95 ನಿಖರತೆ ಬೇಕು. ಮೂರನೆಯ ಹಂತದಲ್ಲಿ ಕಿವಿಗೆ ಬೀಳುವುದು 1,125 ಪದ. ತಪ್ಪು ಅದರ ಶೇಕಡಾ ಐದನ್ನು ದಾಟಿದರೆ ಅನುತ್ತೀರ್ಣ.

ಈ ರಚನೆಯ ಸೊಗಸು ಅಂಕಿಗಳಲ್ಲಿಲ್ಲ. ನ್ಯಾಯಾಲಯದ ಮಾತಿಗೆ ಒಂದೇ ನಡಿಗೆ ಇಲ್ಲವೆಂದು ಪರೀಕ್ಷೆ ಕಟ್ಟಿದವರು ಅರಿತಿದ್ದಾರೆ. ಸೂಚನೆ ಓದುವಾಗಿನ ನ್ಯಾಯಾಧೀಶರ ಗತಿ ಬೇರೆ, ಪಾಟೀಸವಾಲಿನ ಬಿಸಿ ಬೇರೆ. ಅದಕ್ಕೇ ಅತಿ ಹೆಚ್ಚಿನ ವೇಗವನ್ನು ಸಾಕ್ಷಿಯ ಹಂತಕ್ಕೆ ಇಟ್ಟಿದ್ದಾರೆ. ಮೂರೂ ಹಂತಗಳನ್ನು ಒಂದೇ ಸಲ ಗೆಲ್ಲಬೇಕೆಂಬ ಹಟವೂ ಇಲ್ಲ. ಒಂದರಲ್ಲಿ ಪಾಸಾದರೆ ಅದು ಜಮೆಯಾಗಿರುತ್ತದೆ, ಉಳಿದದ್ದಕ್ಕೆ ಮತ್ತೆ ಕೂರಬಹುದು.

ಬೆರಳ ವೇಗವೊಂದೇ ಸಾಲದು. 120 ಬಹು ಆಯ್ಕೆ ಪ್ರಶ್ನೆಗಳ ಜ್ಞಾನ ಪರೀಕ್ಷೆಯೂ ಇದೆ. ತಂತ್ರಜ್ಞಾನ, ವೃತ್ತಿಯ ರೀತಿ ನೀತಿ, ನೈತಿಕತೆ ಅದರ ವಿಷಯಗಳು. ಅರ್ಹತೆ ಒಮ್ಮೆ ಪಡೆದರೆ ಜೀವನವಿಡೀ ಸಾಕೆನ್ನುವಂತಿಲ್ಲ. ಮೂರು ವರ್ಷಕ್ಕೊಮ್ಮೆ 30 ಗಂಟೆಗಳಷ್ಟು ಮುಂದುವರಿಕೆ ಶಿಕ್ಷಣ ಪಡೆದಿರಬೇಕು. ಇನ್ನೂ ಮೇಲೇರುವವರಿಗೆ ಆರ್‌ಎಂಆರ್ ಎಂಬ ಅರ್ಹತೆ ಇದೆ. ಅಲ್ಲಿನ ವೇಗ 200, 240, 260. ಮಾತು ಆಡಿದ ಕೂಡಲೇ ತೆರೆಯ ಮೇಲೆ ಮೂಡಿಸುವವರಿಗೆ ಸಿಆರ್‌ಆರ್ ಎಂಬ ಅರ್ಹತೆ ಇದೆ. ನಿಮಿಷಕ್ಕೆ 200 ಪದ, ಶೇಕಡಾ 96 ನಿಖರತೆ.

ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಇಷ್ಟೂ ಸಾಲದು. ಅಲ್ಲಿ ಸಿಎಸ್‌ಆರ್ ಎಂಬ ಸರ್ಕಾರಿ ಪರವಾನಗಿ ಕಡ್ಡಾಯ. ನಾಲ್ಕು ಜನ ಮಾತನಾಡುವ ಹತ್ತು ನಿಮಿಷದ ಉಕ್ತಲೇಖನ, ನಿಮಿಷಕ್ಕೆ 200 ಪದ, ನಿಖರತೆ ಶೇಕಡಾ 97.5. ಎರಡು ಸಾವಿರ ಪದಗಳಲ್ಲಿ ಐವತ್ತು ತಪ್ಪಿಗಷ್ಟೇ ಅವಕಾಶ. ಜೊತೆಗೆ ಇಂಗ್ಲಿಷ್ ಭಾಷೆಯ ಮತ್ತು ವೃತ್ತಿ ಆಚರಣೆಯ ಪತ್ರಿಕೆಗಳು ಬೇರೆ.

ಇಷ್ಟು ಬಿಗಿ ಏತಕ್ಕೆ? ಅಮೆರಿಕದ ಫೆಡರಲ್ ಕಾನೂನಿನಲ್ಲಿ ವರದಿಗಾರರು ಪ್ರಮಾಣೀಕರಿಸಿದ ಪ್ರತಿಯನ್ನು ಸಾಕ್ಷ್ಯದ ಸರಿಯಾದ ನಿರೂಪಣೆ ಎಂದು ಮೇಲ್ನೋಟಕ್ಕೇ ಒಪ್ಪಲಾಗುತ್ತದೆ. ಮೂಲ ಟಿಪ್ಪಣಿಯನ್ನು ಕನಿಷ್ಠ ಹತ್ತು ವರ್ಷ ಕಾಪಾಡಬೇಕು. ಮೇಲ್ಮನವಿ ನಿಲ್ಲುವುದೂ ಬೀಳುವುದೂ ಆ ಪ್ರತಿಯ ಮೇಲೆಯೇ. 2018ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣವೊಂದು ಇದಕ್ಕೆ ಸಾಕ್ಷಿ. ಜೈಲಿನ ವೈದ್ಯರ ಚಿಕಿತ್ಸೆಯಿಂದ ಹಾನಿಯಾಯಿತೆಂದು ಕೈದಿಯೊಬ್ಬ ದಾವೆ ಹೂಡಿದ್ದ. ಬಡವನೆಂದು ನ್ಯಾಯಾಲಯದ ಶುಲ್ಕಕ್ಕೆ ವಿನಾಯಿತಿ ಸಿಕ್ಕಿತ್ತು, ವರದಿಗಾರರು ಮಾತ್ರ ಸಿಕ್ಕಿರಲಿಲ್ಲ. ದಾವೆ ವಜಾ ಆಯಿತು. ಮೇಲ್ಮನವಿಗೆ ಹೋದರೆ ವಿಚಾರಣೆಯ ಪದಶಃ ದಾಖಲೆಯೇ ಇಲ್ಲವೆಂಬ ಕಾರಣಕ್ಕೆ ಅಲ್ಲಿಯೂ ಸೋತ. ಶುಲ್ಕ ವಿನಾಯಿತಿ ಪಡೆದ ಬಡವರು ಕೇಳಿದರೆ ವರದಿಗಾರರನ್ನು ಉಚಿತವಾಗಿ ಒದಗಿಸಲೇಬೇಕೆಂದು ಸುಪ್ರೀಂ ಕೋರ್ಟ್ ಆಗ ತೀರ್ಪಿತ್ತಿತು. ಬರೆದುಕೊಳ್ಳುವವರು ಇಲ್ಲದ ಕೋಣೆಯಲ್ಲಿ ಆಡಿದ ಮಾತಿಗೆ ಮೇಲಿನ ನ್ಯಾಯಾಲಯದಲ್ಲಿ ಅಸ್ತಿತ್ವವೇ ಇರಲಿಲ್ಲ.

ಬಿಗಿ ಪರೀಕ್ಷೆಗೆ ಬೆಲೆಯೂ ಇದೆ. ಶಾಲೆ ಸೇರಿದ ಅನೇಕರು 225ರ ಗಡಿ ಮುಟ್ಟುವ ಮೊದಲೇ ಬಿಟ್ಟುಹೋಗುತ್ತಾರೆ, ಹಿರಿಯರು ನಿವೃತ್ತರಾಗುತ್ತಾರೆ. ವರದಿಗಾರರ ಕೊರತೆ ಎಷ್ಟು ಕಾಡಿತೆಂದರೆ 2024ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಸುಪೀರಿಯರ್ ಕೋರ್ಟ್, ವರದಿಗಾರರು ಸಿಗದ ಕೆಲವು ಬಗೆಯ ಪ್ರಕರಣಗಳಲ್ಲಿ ಧ್ವನಿಮುದ್ರಣಕ್ಕೆ ದಾರಿ ತೆರೆಯುವ ಆದೇಶ ಹೊರಡಿಸಿತು. 2022ರಲ್ಲಿಯೇ ಕ್ಯಾಲಿಫೋರ್ನಿಯಾ ರಾಜ್ಯ ಕಾನೂನು ತಿದ್ದಿ, ಮುಖಕವಚದ ಮೈಕಿನಲ್ಲಿ ಮಾತನ್ನು ಮರುನುಡಿದು ದಾಖಲಿಸುವವರಿಗೂ ಪರವಾನಗಿಯ ಬಾಗಿಲು ತೆರೆದಿತ್ತು. ಮಟ್ಟವನ್ನು ಇಳಿಸದೆ ದಾರಿಯನ್ನು ಅಗಲ ಮಾಡಿದ ಈ ಎರಡನೆಯ ಕ್ರಮ ಮೆಚ್ಚುವಂಥದ್ದು.

ಇನ್ನು ಲೋಪದ ಮಾತು.

2019ರಲ್ಲಿ 'ಲ್ಯಾಂಗ್ವೇಜ್' ಎಂಬ ಭಾಷಾವಿಜ್ಞಾನದ ಪತ್ರಿಕೆಯಲ್ಲಿ ಫಿಲಡೆಲ್ಫಿಯಾದ ಅಧ್ಯಯನವೊಂದು ಪ್ರಕಟವಾಯಿತು. ಟೇಲರ್ ಜೋನ್ಸ್ ಮತ್ತು ಸಂಗಡಿಗರು ಅಲ್ಲಿನ 27 ನ್ಯಾಯಾಲಯ ವರದಿಗಾರರಿಗೆ ಕಪ್ಪು ಜನರ ಆಡುನುಡಿಯ ವಾಕ್ಯಗಳನ್ನು ಕೇಳಿಸಿ ಬರೆಯಲು ಹೇಳಿದರು. ಶೇಕಡಾ 95ರ ಮಟ್ಟದಲ್ಲಿ ಪ್ರಮಾಣಪತ್ರ ಪಡೆಯುವ ವೃತ್ತಿ ಇದು. ಆದರೂ ತಪ್ಪಿಲ್ಲದೆ ದಾಖಲಾದ ವಾಕ್ಯಗಳು ಶೇಕಡಾ 59.5 ಮಾತ್ರ, ಪದಗಳ ಲೆಕ್ಕದಲ್ಲಿ ಶೇಕಡಾ 82.9. ಅವನು ಆ ಕೇರಿಯಲ್ಲಿ ಇರುವುದಿಲ್ಲ ಎಂಬರ್ಥದ ವಾಕ್ಯ, ನಾವು ಈ ಕೇರಿಯಲ್ಲಿ ಇರಲಿದ್ದೇವೆ ಎಂದಾಯಿತು. ಆರೋಪಿಯ ಪರವಾದ ಮಾತು ಅವನ ವಿರುದ್ಧವೇ ತಿರುಗಲು ಇಷ್ಟು ಸಾಕು. ಆ ವರದಿಗಾರರು ಸೋಮಾರಿಗಳಲ್ಲ, ದ್ವೇಷಿಗಳೂ ಅಲ್ಲ. ಅವರ ತರಬೇತಿ ನಡೆದದ್ದು ಶಿಷ್ಟ ಇಂಗ್ಲಿಷಿನಲ್ಲಿ, ಪರೀಕ್ಷೆಯಲ್ಲಿ ಕೇಳಿದ್ದೂ ಅದನ್ನೇ. ಪರೀಕ್ಷೆ ಕೇಳಿಸದ ನುಡಿಯನ್ನು ಕಿವಿ ಕಲಿತಿರಲಿಲ್ಲ.

ಅಂಕ ಎಣಿಸುವ ರೀತಿಯಲ್ಲೂ ಇಂಥದೇ ಒಂದು ಕೊರತೆ ಇದೆ. ಬಿಟ್ಟ ಪದ, ತಪ್ಪಿದ ಪದ, ಸೇರಿಸಿದ ಪದ ಎಲ್ಲಕ್ಕೂ ಒಂದೊಂದೇ ತಪ್ಪು. ಅರ್ಥ ಕೆಡಿಸದ ಅವ್ಯಯವೊಂದನ್ನು ಬಿಟ್ಟರೂ, 'ಇಲ್ಲ' ಎಂಬ ನಿಷೇಧವನ್ನೇ ಬಿಟ್ಟರೂ ತಕ್ಕಡಿಯಲ್ಲಿ ತೂಕ ಒಂದೇ. ಸಾಕ್ಷಿ ಹೇಳಿಕೆಯಲ್ಲಿ ಇವೆರಡರ ನಡುವಿನ ಅಂತರ ಇಲ್ಲಿ ಕುಳಿತ ಯಾರಿಗೂ ವಿವರಿಸಬೇಕಿಲ್ಲ.

ಸಾಕ್ಷಿಯ ನುಡಿಗೂ ದಾಖಲೆಗೂ ನಡುವಿನ ಈ ಅಂತರ ಅಮೆರಿಕದಲ್ಲಿರುವ ಕನ್ನಡಿಗರಿಗೂ ತಾಗುತ್ತದೆ. ಅಲ್ಲಿ ಕನ್ನಡದಲ್ಲಿ ಸಾಕ್ಷಿ ನುಡಿದರೆ ದಾಖಲೆಗೆ ಹೋಗುವುದು ದುಭಾಷಿ ಹೇಳಿದ ಇಂಗ್ಲಿಷ್ ಮಾತ್ರ. ವರದಿಗಾರರು ಕನ್ನಡವನ್ನು ಬರೆದುಕೊಳ್ಳುವುದಿಲ್ಲ. ದುಭಾಷಿ ತಪ್ಪಿದರೆ ಲಿಖಿತ ದಾಖಲೆಯೂ ತಪ್ಪಿತು.

ಇನ್ನು ನಮ್ಮ ಅಂಗಳ. ಭಾರತದ ಕಾನೂನು ಬೇರೆ ದಾರಿ ಹಿಡಿದಿದೆ. ದಂಡ ಪ್ರಕ್ರಿಯಾ ಸಂಹಿತೆಯ 276ನೆಯ ಕಲಮಿನಂತೆ ಸೆಷನ್ಸ್ ವಿಚಾರಣೆಯಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ಕಥನ ರೂಪದಲ್ಲಿ ಬರೆಯಲಾಗುತ್ತಿತ್ತು. ನ್ಯಾಯಾಧೀಶರು ಬಯಸಿದರೆ ಪ್ರಶ್ನೋತ್ತರ ರೂಪದಲ್ಲಿ ಬರೆಸಬಹುದಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೇ ಕ್ರಮ ಉಳಿದಿದೆ. ವಕೀಲರು ಕೇಳುತ್ತಾರೆ, ಸಾಕ್ಷಿ ಹೇಳುತ್ತಾನೆ, ನ್ಯಾಯಾಧೀಶರು ಅದನ್ನು ವಾಕ್ಯವಾಗಿ ಕಟ್ಟಿ ನುಡಿಯುತ್ತಾರೆ, ಶೀಘ್ರಲಿಪಿಗಾರರು ಬರೆದುಕೊಳ್ಳುತ್ತಾರೆ. 'ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ' ಎಂಬ ವಾಕ್ಯ ನಮ್ಮ ಕಡತಗಳಲ್ಲಿ ಎಷ್ಟು ಸಲ ಬಂದಿದೆಯೋ! ಹಾಗೆ ಯಾವ ಸಾಕ್ಷಿಯೂ ಮಾತನಾಡಿರುವುದಿಲ್ಲ. ಅವನು ಹೇಳಿದ್ದು 'ಇಲ್ಲ ಸ್ವಾಮಿ' ಎಂದಿರಬಹುದು, ಅಥವಾ ಸುಮ್ಮನೆ ತಲೆಯಾಡಿಸಿರಬಹುದು.

ಹೀಗಿರುವಾಗ ನಮ್ಮ ಪರೀಕ್ಷೆ ಏನನ್ನು ಅಳೆಯುತ್ತಿದೆ? ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ ಶೀಘ್ರಲಿಪಿ ಪರೀಕ್ಷೆಯಲ್ಲಿ 'ಸಿ' ದರ್ಜೆಗೆ ನಿಮಿಷಕ್ಕೆ 100 ಪದ, 'ಡಿ' ದರ್ಜೆಗೆ 80, ಹತ್ತು ನಿಮಿಷದ ಉಕ್ತಲೇಖನ. ಭಾಷೆ ಇಂಗ್ಲಿಷ್ ಅಥವಾ ಹಿಂದಿ. ರಾಜ್ಯದಲ್ಲಿ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುವ ಶೀಘ್ರಲಿಪಿ ಪರೀಕ್ಷೆಯ ಜೂನಿಯರ್, ಸೀನಿಯರ್ ದರ್ಜೆಗಳ ಮೇಲೆ ನ್ಯಾಯಾಲಯಗಳ ನೇಮಕಾತಿ ನಿಂತಿದೆ. ಕನ್ನಡದಲ್ಲಿ ಈ ವ್ಯವಸ್ಥೆ ಉಳಿದು ಬಂದಿರುವುದೇ ಹೆಮ್ಮೆ. ಅದನ್ನು ಉಳಿಸಿದವರು ಜಿಲ್ಲಾ ಕೇಂದ್ರಗಳ, ತಾಲ್ಲೂಕುಗಳ ಸಣ್ಣ ಶಾಲೆಗಳವರು. ಅವರಿಗೆ ಈ ಸಮ್ಮೇಳನ ಕೈಮುಗಿಯಬೇಕು. ಆದರೆ ಒಬ್ಬರೇ, ಒಂದೇ ಲಯದಲ್ಲಿ, ಗ್ರಾಂಥಿಕ ಕನ್ನಡವನ್ನು ಓದಿ ಹೇಳುವ ಉಕ್ತಲೇಖನ ಕಚೇರಿಯ ಪತ್ರಕ್ಕೆ ಹೊಂದುತ್ತದೆ, ಪಾಟೀಸವಾಲಿಗೆ ಹೊಂದುವುದಿಲ್ಲ.

ಧಾರವಾಡದ ಕಡೆಯ ಸಾಕ್ಷಿ 'ಅಂವ ಅಲ್ಲಿ ಹೋಗಂಗಿಲ್ಲ' ಎಂದರೆ, ಅವನು ಅಲ್ಲಿಗೆ ಹೋಗುವುದಿಲ್ಲ ಎಂದು ಅರ್ಥ. ಮೈಸೂರಿನ ಕಿವಿಗೆ ಅದೇ ಮಾತು, ಅವನು ಅಲ್ಲಿಗೆ ಹೋಗಕೂಡದು ಎಂದು ಕೇಳಿಸೀತು. ಒಂದು ಅವನ ನಡತೆಯ ಮಾತು, ಇನ್ನೊಂದು ಅವನ ಮೇಲಿನ ನಿರ್ಬಂಧದ ಮಾತು. ಕುಂದಾಪುರದವರು 'ಹೋಯ್ಕ್' ಎಂದರೆ ಹೋಗಬೇಕು ಎಂದು ಘಟ್ಟದ ಮೇಲಿನವರಿಗೆ ಯಾರಾದರೂ ಹೇಳಿಕೊಡಬೇಕು. ವರ್ಗವಾಗಿ ಬಂದ ನ್ಯಾಯಾಧೀಶರು, ಬೇರೆ ಜಿಲ್ಲೆಯಿಂದ ಆಯ್ಕೆಯಾದ ಶೀಘ್ರಲಿಪಿಗಾರರು, ಆ ಊರಿನ ಸಾಕ್ಷಿ, ಈ ಮೂವರೂ ಒಂದೇ ಕನ್ನಡ ಆಡುತ್ತಿದ್ದಾರೆಂದು ನಮ್ಮ ಪರೀಕ್ಷೆ ನಂಬಿಕೊಂಡಿದೆ. ಫಿಲಡೆಲ್ಫಿಯಾದಲ್ಲಿ ಆದದ್ದು ಇಲ್ಲಿ ಆಗುತ್ತಿಲ್ಲ ಎನ್ನಲು ನಮ್ಮ ಬಳಿ ಯಾವ ಆಧಾರವೂ ಇಲ್ಲ.

ಯಂತ್ರ ಎಲ್ಲವನ್ನೂ ಬರೆದುಕೊಳ್ಳುತ್ತದಲ್ಲ ಎನ್ನುವವರಿದ್ದಾರೆ. 2023ರ ಫೆಬ್ರುವರಿ 21ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಕಲಾಪವನ್ನು ಬೆಂಗಳೂರಿನ ಕಂಪನಿಯೊಂದರ ತಂತ್ರಾಂಶ ಅಕ್ಷರಕ್ಕಿಳಿಸಿತು. ಕೇರಳದ ಹೈಕೋರ್ಟ್ 2025ರ ನವೆಂಬರ್ 1ರಿಂದ ಜಿಲ್ಲಾ ನ್ಯಾಯಾಲಯಗಳಲ್ಲಿ ಸಾಕ್ಷಿ ಹೇಳಿಕೆಗೆ ಇಂಥ ತಂತ್ರಾಂಶ ಬಳಸಲು ಸೂಚಿಸಿದೆ. ಇದನ್ನು ಈ ವೃತ್ತಿಯವರು ವಿರೋಧಿಸಬೇಕಾಗಿಲ್ಲ. ಆದರೆ ತಂತ್ರಾಂಶ ಕೊಟ್ಟ ಪ್ರತಿಯನ್ನು ಸರಿಯೆಂದು ಸಹಿ ಹಾಕುವವರು ಮನುಷ್ಯರೇ. ಶಿಷ್ಟ ನುಡಿಯನ್ನಷ್ಟೇ ಕಲಿತ ತಂತ್ರಾಂಶವೂ ಫಿಲಡೆಲ್ಫಿಯಾದ ವರದಿಗಾರರಂತೆಯೇ ತಪ್ಪುತ್ತದೆ, ತಿದ್ದಲು ನುಡಿ ಬಲ್ಲ ಕಿವಿ ಬೇಕು. ಹಾಗಾಗಿ ಅರ್ಹತಾ ಪರೀಕ್ಷೆಯ ಅಗತ್ಯ ಈಗ ಇನ್ನೂ ಹೆಚ್ಚು.

ಈ ಸಮ್ಮೇಳನದ ಮುಂದೆ ಇರುವ ಸಲಹೆಗಳು ಇವು. ನೇಮಕಾತಿ ಪರೀಕ್ಷೆಗಿಂತ ಬೇರೆಯಾದ ನ್ಯಾಯಾಲಯ ಶೀಘ್ರಲಿಪಿಯ ವೃತ್ತಿ ಅರ್ಹತೆಯೊಂದು ಕನ್ನಡದಲ್ಲಿ ರೂಪುಗೊಳ್ಳಲಿ. ಅದಕ್ಕೆ ತೀರ್ಪಿನ ಉಕ್ತಲೇಖನ, ವಕೀಲರ ವಾದ, ಪಾಟೀಸವಾಲು ಎಂಬ ಮೂರು ಹಂತಗಳಿರಲಿ. ಪಾಟೀಸವಾಲಿನ ಹಂತದಲ್ಲಿ ಕನಿಷ್ಠ ಮೂರು ದನಿಗಳಿರಲಿ. ಕಲಬುರಗಿ, ಧಾರವಾಡ, ಕುಂದಾಪುರ, ಚಾಮರಾಜನಗರದ ಆಡುಮಾತಿನ ಉತ್ತರಗಳು ಸರದಿಯಂತೆ ಬರಲಿ. ಪಾಸಾದ ಹಂತ ಜಮೆಯಾಗಿ ಉಳಿಯಲಿ. ನಿಷೇಧ, ಸಂಖ್ಯೆ, ಹೆಸರು ತಪ್ಪಿದರೆ ಹೆಚ್ಚು ಅಂಕ ಕಳೆಯಲಿ. ಸಾಕ್ಷ್ಯ ಕಾನೂನು, ಗೋಪ್ಯತೆ, ಬರೆದುಕೊಂಡದ್ದನ್ನು ಸಾಕ್ಷಿಗೆ ಓದಿ ಹೇಳುವ ಕ್ರಮದ ಮೇಲೆ ಒಂದು ಲಿಖಿತ ಪತ್ರಿಕೆ ಇರಲಿ. ಮೂರು ವರ್ಷಕ್ಕೊಮ್ಮೆ ಮರುತರಬೇತಿಯೂ ಇರಲಿ, ಅದರ ವೆಚ್ಚವನ್ನು ನೌಕರರ ಜೇಬಿಗೆ ಹೊರಿಸದಿರಲಿ.

ಇದಕ್ಕೆ ಆದೇಶ ಬರುವವರೆಗೆ ಕಾಯಬೇಕಿಲ್ಲ. ನಾಳಿನ ಗೋಷ್ಠಿಯಲ್ಲಿ ಪ್ರತಿ ಜಿಲ್ಲೆಯ ಪ್ರತಿನಿಧಿಗಳು ತಮ್ಮ ಭಾಗದ ನುಡಿಯಲ್ಲಿ ಐದು ನಿಮಿಷದ ಮಾದರಿ ಪಾಟೀಸವಾಲೊಂದನ್ನು ಧ್ವನಿಮುದ್ರಿಸಿಕೊಡಲಿ. ಹೆಸರು, ಪ್ರಕರಣ ಎಲ್ಲ ಕಲ್ಪಿತವಾಗಿರಲಿ, ಮಾತು ಮಾತ್ರ ಊರಿನದೇ ಆಗಿರಲಿ. ಅವುಗಳನ್ನು ಸಮ್ಮೇಳನಕ್ಕೆ ಬಂದಿರುವ ವಿದ್ಯಾರ್ಥಿಗಳೂ ಹಿರಿಯರೂ ಒಟ್ಟಿಗೆ ಕುಳಿತು ಬರೆಯಲಿ, ತಪ್ಪುಗಳನ್ನು ಬಗೆಬಗೆಯಾಗಿ ಪಟ್ಟಿ ಮಾಡಲಿ. ಆ ಪಟ್ಟಿ ಮತ್ತು ಮಾದರಿ ಪತ್ರಿಕೆಯನ್ನು ಸಮ್ಮೇಳನದ ನಿರ್ಣಯದೊಂದಿಗೆ ಹೈಕೋರ್ಟಿಗೂ ಪರೀಕ್ಷಾ ಮಂಡಳಿಗೂ ಸಲ್ಲಿಸುವ ಹೊಣೆಯನ್ನು ಅಧ್ಯಕ್ಷ ಪೀಠ ಹೊರಲು ಸಿದ್ಧವಿದೆ.