ಸೊಪ್ಪು ಯಾರ ತಟ್ಟೆಗೆ?



ಬಸುರಿಗೆ ರಕ್ತ ಕಡಿಮೆ ಇದೆ ಎಂದು ಡಾಕ್ಟರು ಹೇಳಿದರೆ ಸಾಕು, ಅತ್ತೆಯಿಂದ ಹಿಡಿದು ಪಕ್ಕದ ಫ್ಲ್ಯಾಟಿನವರವರೆಗೆ ಎಲ್ಲರೂ ‘ಪಾಲಕ್ ತಿನ್ನು’ ಅನ್ನುತ್ತಾರೆ. ಪಾಲಕ್ ಅಂದರೆ ಕಬ್ಬಿಣ ಎಂಬ ನಂಬಿಕೆ ಅಷ್ಟು ಗಟ್ಟಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ಹಸಿ ಪಾಲಕ್‌ನಲ್ಲಿರುವ ಕಬ್ಬಿಣ ಸುಮಾರು 3 ಮಿಲಿಗ್ರಾಂ. ನಮ್ಮೂರ ರಾಜಗಿರಿ ಸೊಪ್ಪಿನಲ್ಲಿ ಇದಕ್ಕಿಂತ ಹೆಚ್ಚಿದೆ. ಸೊಪ್ಪಿನ ಕಬ್ಬಿಣದಲ್ಲಿ ಕರುಳು ಹೀರಿಕೊಳ್ಳುವುದೂ ಅಲ್ಪ ಭಾಗವನ್ನೇ. ದಶಮಾಂಶ ಬಿಂದು ತಪ್ಪಿ ಬಿದ್ದದ್ದರಿಂದ ಈ ನಂಬಿಕೆ ಹುಟ್ಟಿತು ಎಂಬ ಕಥೆಯನ್ನು ನೀವು ಕೇಳಿರಬಹುದು. ಮೂಲ ಹುಡುಕಿಕೊಂಡು ಹೋದವರಿಗೆ ಅಂಥ ತಪ್ಪೂ ಸಿಗಲಿಲ್ಲ.

ಹಾಗಾದರೆ ಸೊಪ್ಪಿನ ಹೆಚ್ಚುಗಾರಿಕೆ ಏನು? ನನ್ನ ಮಟ್ಟಿಗೆ ಅದು ಫೋಲೇಟ್ ಎಂಬ ಜೀವಸತ್ವ. ಇದರ ಕಥೆ ಶುರುವಾಗುವುದು ನಮ್ಮ ಪುಣೆಯ ನೆರೆಯ ಮುಂಬೈಯಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಬಸುರಿನಲ್ಲಿ ವಿಪರೀತ ರಕ್ತಹೀನತೆಯಿಂದ ಸೊರಗುತ್ತಿದ್ದರು, ಸಾಯುತ್ತಲೂ ಇದ್ದರು. ಯೀಸ್ಟಿನ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡದ್ದನ್ನು ಲೂಸಿ 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ವಸ್ತು ಯಾವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಹತ್ತು ವರ್ಷಗಳ ನಂತರ, 1941ರಲ್ಲಿ, ಅಮೆರಿಕದ ಟೆಕ್ಸಸ್‌ನಲ್ಲಿ ಮಿಚೆಲ್, ಸ್ನೆಲ್ ಮತ್ತು ವಿಲಿಯಮ್ಸ್ ನಾಲ್ಕು ಟನ್ ಪಾಲಕ್ ಜಾತಿಯ ಸೊಪ್ಪನ್ನು ಸಂಸ್ಕರಿಸಿ ಫೋಲಿಕ್ ಆಮ್ಲವನ್ನು, ಅಂದರೆ ಇದೇ ಫೋಲೇಟನ್ನು, ಬೇರ್ಪಡಿಸಿದರು. ಲೂಸಿ ಅವರ ರೋಗಿಗಳನ್ನು ಬದುಕಿಸಿದ್ದು ಇದೇ.

ಇನ್ನು ನಮ್ಮ ಪುಣೆಗೆ ಬರೋಣ. 1990ರ ದಶಕದ ನಡುವೆ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಪುಣೆ ಸಮೀಪದ ಆರು ಹಳ್ಳಿಗಳ ಸುಮಾರು 800 ಬಸುರಿಯರನ್ನು ಅಭ್ಯಾಸ ಮಾಡಿದರು. ಹೊಲದಲ್ಲಿ ದುಡಿಯುವ, ಸರಾಸರಿ 42 ಕಿಲೋ ತೂಕದ ಹೆಣ್ಣುಮಕ್ಕಳು ಇವರು. ತಾಯಿ ಎಷ್ಟು ಕ್ಯಾಲೊರಿ, ಎಷ್ಟು ಪ್ರೋಟೀನ್ ತಿಂದಳು ಎಂಬುದಕ್ಕೂ ಕೂಸಿನ ಗಾತ್ರಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಹಾಲು, ಹಣ್ಣು ಮತ್ತು ಹಸಿರು ಸೊಪ್ಪಿಗೆ. ಏಳನೆಯ ತಿಂಗಳ ಸುಮಾರಿಗೆ ದಿನ ಬಿಟ್ಟು ದಿನವಾದರೂ ಸೊಪ್ಪು ತಿನ್ನುತ್ತಿದ್ದವರ ಕೂಸುಗಳು ತುಸು ದೊಡ್ಡವಾಗಿದ್ದವು. ಆ ತಾಯಂದಿರ ರಕ್ತಕಣಗಳ ಫೋಲೇಟ್ ಕೂಡ ಕೂಸಿನ ಗಾತ್ರದೊಂದಿಗೆ ತಾಳೆಯಾಯಿತು. ಬಡಕಲು ತಾಯಂದಿರಲ್ಲಂತೂ ಈ ಸಂಬಂಧ ಇನ್ನೂ ಎದ್ದು ಕಂಡಿತು. 2001ರಲ್ಲಿ ಬಂದ ಈ ಪ್ರಬಂಧ, ಹೊಟ್ಟೆ ತುಂಬಿದರೆ ಸಾಕು ಎಂದುಕೊಂಡಿದ್ದ ನಮ್ಮ ಆಹಾರ ಯೋಜನೆಗಳಿಗೆ ದೊಡ್ಡ ಪ್ರಶ್ನೆಯನ್ನೇ ಎತ್ತಿತು.

ಇದೇ ನಗರದ ಆಘಾರ್ಕರ್ ಸಂಶೋಧನಾ ಸಂಸ್ಥೆಯವರೂ ಸೊಪ್ಪಿನ ಬೆನ್ನು ಹತ್ತಿದ್ದರು. ಸೊಪ್ಪನ್ನು ಮನೆಗಳಲ್ಲಿ ಬೇಯಿಸುವಂತೆಯೇ ಬೇಯಿಸಿ, ಎಂಟು ಸೂಕ್ಷ್ಮ ಪೋಷಕಾಂಶಗಳನ್ನು ಅಳೆದು 2000ದಲ್ಲಿ ವರದಿ ಮಾಡಿದರು. ತಿನ್ನುವುದು ಬೇಯಿಸಿದ ಪಲ್ಯವನ್ನು, ಅಳೆಯಬೇಕಾದದ್ದೂ ಅದನ್ನೇ. ಮಂಡಯಿ ಮಾರುಕಟ್ಟೆಯಿಂದ ಒಂದು ಕಟ್ಟು ಪಾಲಕ್ ತಂದು, ಎರಡು ಮೂರು ಸಲ ಮಣ್ಣು ಹೋಗುವಂತೆ ತೊಳೆದು, ಕುದಿಸಿ, ಆ ಹಸಿರು ನೀರನ್ನು ಸಿಂಕಿಗೆ ಬಸಿಯುತ್ತೇವಲ್ಲ, ಫೋಲೇಟಿನ ಒಂದು ಪಾಲು ಅದರೊಂದಿಗೇ ಹೋಗುತ್ತದೆ. ಅದು ನೀರಿನಲ್ಲಿ ಕರಗುವ ಜೀವಸತ್ವ. ಹೆಚ್ಚಿದ ಸೊಪ್ಪನ್ನು ನೀರು ಬಸಿಯದೆ, ತೊಗರಿಬೇಳೆ ಜೊತೆ ಮುಚ್ಚಿ ಬೇಯಿಸುವ ನಮ್ಮ ಉತ್ತರ ಕರ್ನಾಟಕದ ತಪ್ಪಲ ಪಲ್ಯದ ಪದ್ಧತಿಯೇ ಮೇಲು.

ಆದರೆ ಸೊಪ್ಪೊಂದೇ ಸಾಲದು. ಸೊಪ್ಪಿನಲ್ಲಿ ಬಿ-12 ಜೀವಸತ್ವ ಇಲ್ಲ. ಯಾಜ್ಞಿಕ್ ಅವರ ತಂಡ ನೋಡಿದ ಆ ಹಳ್ಳಿಗಳ ಬಹುಪಾಲು ತಾಯಂದಿರಲ್ಲಿ ಬಿ-12 ಕೊರತೆ ಇತ್ತು. ಮಕ್ಕಳಿಗೆ ಆರು ವರ್ಷವಾದಾಗ ನೋಡಿದರೆ, ತಾಯಿಯಲ್ಲಿ ಫೋಲೇಟ್ ಹೆಚ್ಚು, ಬಿ-12 ಕಡಿಮೆ ಇದ್ದ ಮಕ್ಕಳಲ್ಲೇ ಮುಂದೆ ಸಕ್ಕರೆ ಕಾಯಿಲೆಗೆ ದಾರಿ ಮಾಡಿಕೊಡಬಲ್ಲ ಇನ್ಸುಲಿನ್ ಪ್ರತಿರೋಧ ಎಲ್ಲರಿಗಿಂತ ಜಾಸ್ತಿ. ಇದು 2008ರ ವರದಿ. ಸಸ್ಯಾಹಾರಿ ಮನೆಗಳಲ್ಲಿ ಸೊಪ್ಪಿನ ಜೊತೆ ಹಾಲು ಮೊಸರು ಇರಲೇಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಸೊಪ್ಪು, ಹಣ್ಣು, ಹಾಲು ಕೂಸಿನ ಗಾತ್ರದೊಂದಿಗೆ ತಾಳೆಯಾದ ಮಾತ್ರಕ್ಕೆ ಅದೇ ಕಾರಣ ಎನ್ನಲಾಗದು. ಅದನ್ನು ಪರೀಕ್ಷಿಸಲು 2006ರಿಂದ ಮುಂಬೈಯ ಕೊಳೆಗೇರಿಗಳಲ್ಲಿ 6,513 ಮಹಿಳೆಯರೊಂದಿಗೆ ಪ್ರಯೋಗ ನಡೆಯಿತು. ಅರ್ಧದಷ್ಟು ಜನರಿಗೆ ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ತಿಂಡಿ. ಉಳಿದವರಿಗೆ ಆಲೂಗಡ್ಡೆ, ಈರುಳ್ಳಿಯಂಥವುಗಳಿಂದ ಮಾಡಿದ ತಿಂಡಿ. ಬಸುರಾಗುವ ಮೊದಲೇ ಶುರು. ಒಟ್ಟಾರೆ ನೋಡಿದಾಗ ಕೂಸಿನ ತೂಕದಲ್ಲಿ ವ್ಯತ್ಯಾಸ ಬರಲಿಲ್ಲ. ಗರ್ಭ ಕಟ್ಟುವ ಮೂರು ತಿಂಗಳ ಮುಂಚೆಯೇ ತಿನ್ನತೊಡಗಿದವರಲ್ಲಿ ಮಾತ್ರ ಸರಾಸರಿ 48 ಗ್ರಾಂ ಹೆಚ್ಚಿತು. ಅದೂ ತೀರಾ ಬಡಕಲು ದೇಹದವರಲ್ಲಿ ಅಲ್ಲ. ಪುಣೆಯ ಹಳ್ಳಿಗಳಲ್ಲಿ ಕಂಡದ್ದಕ್ಕೆ ಇದು ವಿರುದ್ಧ, ಇದನ್ನು ಮರೆಮಾಚಬಾರದು. ಬಸುರಿನ ಸಕ್ಕರೆ ಕಾಯಿಲೆ ಮಾತ್ರ ಸೊಪ್ಪಿನ ತಿಂಡಿಯ ಗುಂಪಿನಲ್ಲಿ ಗಮನಾರ್ಹವಾಗಿ ತಗ್ಗಿತ್ತು: ಆಲೂಗಡ್ಡೆ ತಿಂಡಿಯ ಕಡೆ ಶೇಕಡ 12.4, ಈ ಕಡೆ 7.3.

ಆ ಮೂರು ತಿಂಗಳ ಮಾತನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ನಮ್ಮ ಮನೆಗಳಲ್ಲಿ ಹೆಣ್ಣುಮಗಳ ಊಟದ ಬಗ್ಗೆ ಕಾಳಜಿ ಹುಟ್ಟುವುದೇ ಸಿಹಿ ಸುದ್ದಿ ಬಂದ ಮೇಲೆ. ಅದಕ್ಕೂ ಮೊದಲು ಅವಳು ಎಲ್ಲರಿಗೂ ಬಡಿಸಿ, ಬೋಗುಣಿಯ ತಳದಲ್ಲಿ ಉಳಿದ ಪಲ್ಯದಲ್ಲಿ ಊಟ ಮುಗಿಸುವವಳು. 1990ರ ದಶಕದಲ್ಲಿ ಆ ಆರು ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳು ಹರೆಯಕ್ಕೆ ಬಂದಾಗ, ಯಾಜ್ಞಿಕ್ ಅವರ ತಂಡ 2012ರಲ್ಲಿ ಮತ್ತೆ ಅವರ ಬಳಿಗೇ ಹೋಗಿ, ಮದುವೆ, ಬಸುರು ಯಾವುದೂ ಇನ್ನೂ ಇಲ್ಲದಿರುವಾಗಲೇ ದಿನಕ್ಕೆ 2 ಮೈಕ್ರೋಗ್ರಾಂ ಬಿ-12 ಕೊಡುವ ಪ್ರಯೋಗ ಆರಂಭಿಸಿತು. ಹುಡುಗಿಯರ ಜೊತೆಗೆ ಹುಡುಗರನ್ನೂ ಸೇರಿಸಿಕೊಂಡಿತು.