ನರಪೊರೆಯ ಉರಿಯೂತ: ರೋಗನಿರ್ಣಯದ ಚರಿತ್ರೆ

ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ 1929ರಲ್ಲಿ ಕರ್ನಾಟಕ ಆರೋಗ್ಯ ಧಾಮ ಆರಂಭವಾದ ಕಾಲಕ್ಕೆ, ಕೈಕಾಲುಗಳ ಬಲವನ್ನು ತಿಂಗಳುಗಟ್ಟಲೆ ಕುಗ್ಗಿಸುತ್ತ ಹೋಗುವ ನರಗಳ ಉರಿಯೂತಕ್ಕೆ ಇಂದಿನ ಹೆಸರಾಗಲಿ ಅದನ್ನು ಖಚಿತಪಡಿಸುವ ಪರೀಕ್ಷೆಯಾಗಲಿ ಎಲ್ಲಿಯೂ ಇರಲಿಲ್ಲ. ಇಂದು ಸಿಐಡಿಪಿ ಎಂದು ಕರೆಯಲಾಗುವ ಈ ರೋಗದಲ್ಲಿ ನರತಂತುಗಳನ್ನು ಸುತ್ತಿಕೊಂಡಿರುವ ಮಯಲಿನ್ ಎಂಬ ಕೊಬ್ಬಿನ ಪೊರೆಯ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ದಾಳಿ ಮಾಡುವುದರಿಂದ, ನರಸಂದೇಶಗಳು ನಿಧಾನವಾಗುತ್ತವೆ ಇಲ್ಲವೇ ನಡುವೆಯೇ ನಿಂತುಹೋಗುತ್ತವೆ.

ಬೆನ್ನುಹುರಿಯ ದ್ರವದಲ್ಲಿ ಜೀವಕೋಶಗಳು ಹೆಚ್ಚದೆ ಪ್ರೋಟೀನ್ ಮಾತ್ರ ಏರಿರುವುದನ್ನು 1916ರಲ್ಲಿ ಫ್ರಾನ್ಸಿನ ಮೂವರು ವೈದ್ಯರು ವರದಿ ಮಾಡಿದರು. ಆದರೆ ಅವರು ಕಂಡದ್ದು 2025ರ ಆರಂಭದಲ್ಲಿ ಪುಣೆಯಲ್ಲಿ ಸುದ್ದಿಯಾದ ಜಿಬಿಎಸ್ ಎಂಬ ತೀವ್ರ ರೋಗವನ್ನು. ಮರುಕಳಿಸುವ, ಸ್ಟೀರಾಯ್ಡಿಗೆ ಬಗ್ಗುವ ರೂಪವನ್ನು 1958ರಲ್ಲಿ ಜೇಮ್ಸ್ ಆಸ್ಟಿನ್ ವಿವರಿಸಿದರು, 1975ರಲ್ಲಿ ಮೇಯೋ ಕ್ಲಿನಿಕ್ಕಿನ ಪೀಟರ್ ಡಿಕ್ ಮತ್ತು ಸಂಗಡಿಗರು ಅದರ ಸ್ಪಷ್ಟ ಚಿತ್ರ ಕೊಟ್ಟರು. ಜಿಬಿಎಸ್ ಸಾಮಾನ್ಯವಾಗಿ 4 ವಾರಗಳೊಳಗೆ ತನ್ನ ತುದಿ ಮುಟ್ಟಿದರೆ, ಸಿಐಡಿಪಿ 8 ವಾರ ದಾಟಿಯೂ ಹೆಚ್ಚುತ್ತಲೇ ಇರುತ್ತದೆ.

ನಿರ್ಣಯಕ್ಕೆ ಗಟ್ಟಿ ಆಧಾರವಾದದ್ದು ನರವೇಗದ ಅಳತೆ. ಕಪ್ಪೆಯ ನರದಲ್ಲಿ ಹೆಲ್ಮ್‌ಹೋಲ್ಟ್ಸ್ 1850ರಲ್ಲೇ ಮಾಡಿದ್ದ ಈ ಅಳತೆ ಆಸ್ಪತ್ರೆಯ ಪರೀಕ್ಷೆಯಾಗಲು ಸುಮಾರು ನೂರು ವರ್ಷ ಹಿಡಿಯಿತು. ಮಣಿಕಟ್ಟಿನಲ್ಲಿ ಒಮ್ಮೆ, ಮೊಣಕೈಯಲ್ಲಿ ಒಮ್ಮೆ ಸಣ್ಣ ವಿದ್ಯುತ್ ಚುರುಕು ಕೊಟ್ಟು, ಹೆಬ್ಬೆರಳಿನ ಬುಡದ ಸ್ನಾಯು ಅದುರಲು ತೆಗೆದುಕೊಂಡ ಸಮಯದ ವ್ಯತ್ಯಾಸದಿಂದ ವೇಗವನ್ನು ಲೆಕ್ಕ ಹಾಕಲಾಗುತ್ತದೆ. ಆರೋಗ್ಯವಂತರಲ್ಲಿ ಸೆಕೆಂಡಿಗೆ ಸುಮಾರು 50 ಮೀಟರ್ ಅಥವಾ ಹೆಚ್ಚಿರುವ ಅದು, ಪೊರೆ ಕಳಚಿದ ನರದಲ್ಲಿ 30ಕ್ಕಿಂತಲೂ ಕೆಳಗಿಳಿಯಬಹುದು.

ಕೈಕಾಲುಗಳ ನರಕ್ಕೆ ಪೊರೆ ಹೊದಿಸುವ ಕೋಶಗಳೇ ಬೇರೆ, ಮೆದುಳಿನವೇ ಬೇರೆಯಾದ್ದರಿಂದ ಎರಡೂ ಕಡೆಯ ರೋಗಗಳನ್ನು ಪಠ್ಯಗಳು ಬಹುಕಾಲ ಬೇರೆಬೇರೆಯಾಗಿಯೇ ನೋಡಿದವು. ಆದರೆ 1980ರ ದಶಕದಲ್ಲಿ ಎಂಆರ್‌ಐ ಬಳಕೆಗೆ ಬಂದ ಮೇಲೆ ಕೆಲವು ಸಿಐಡಿಪಿ ರೋಗಿಗಳ ಮೆದುಳಿನಲ್ಲಿಯೂ ಪೊರೆ ಸವೆದ ಕಲೆಗಳು ಕಂಡವು. ಎರಡೂ ಕಡೆ ಇರುವ ನ್ಯೂರೋಫ್ಯಾಸಿನ್ 155 ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯಗಳನ್ನು ಜಪಾನಿನ ಸಂಶೋಧಕರು 2013ರಲ್ಲಿ ಇಂಥ ರೋಗಿಗಳಲ್ಲಿ ಗುರುತಿಸಿದರಾದರೂ, ಮುಂದಿನ ಅಧ್ಯಯನಗಳಲ್ಲಿ ಅವು ಎಲ್ಲರಲ್ಲಿಯೂ ಸಿಗಲಿಲ್ಲವಾದ್ದರಿಂದ ರಕ್ತಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ.

ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಂಥ ಊರುಗಳಲ್ಲಿ ಕಾಲು ಜೋಮು ಹಿಡಿದರೆ ಸಕ್ಕರೆ ಕಾಯಿಲೆ, ಬಿ12 ಕೊರತೆ, ಕುಷ್ಠ ಇವುಗಳತ್ತ ಮೊದಲು ಗಮನ ಹರಿಯುವುದು ಸಹಜ, ಅವನ್ನು ಪರೀಕ್ಷಿಸಬೇಕಾದದ್ದೂ ಹೌದು. ಆದರೆ ಮೆಟ್ಟಿಲು ಹತ್ತುವುದು, ಕುಕ್ಕರುಗಾಲಿನಿಂದ ಏಳುವುದು ವಾರದಿಂದ ವಾರಕ್ಕೆ ಕಷ್ಟವಾಗುತ್ತಿದ್ದರೆ ಬೆಳಗಾವಿ, ಹುಬ್ಬಳ್ಳಿ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ತಜ್ಞರನ್ನು ಕಾಣಲು ಕೇಳುಗರು ತಡಮಾಡಬಾರದು. ಜತೆಗೆ ದೃಷ್ಟಿ ಮಂಕಾದರೆ ಅದನ್ನೂ ಅದೇ ವೈದ್ಯರಿಗೆ ಹೇಳಬೇಕು.