ಪ್ಲಾಸ್ಟಿಕ್ ವಿಮಾನ ಬಿದ್ದರೆ ಏನಾದೀತು?

(ಸಂಘದ ವಾರ್ಷಿಕ ಸಭೆಯಲ್ಲಿ, ಸಂಶಿಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ನನಗೆ ವಿಮಾನದ ಮಾತು ಏಕೆ ಎಂದು ನೀವು ಕೇಳಬಹುದು. ಎಂಟನೆಯ ತರಗತಿಯ ಒಬ್ಬ ಹುಡುಗಿ ಪಾಠದ ನಡುವೆ ಎದ್ದು ನಿಂತು, "ನಮ್ಮ ದಾದಿ ಉಮ್ರಾಕ್ಕ ಹೊಂಟಾರ್ರಿ. ಈಗಿನ ವಿಮಾನ ಪ್ಲಾಸ್ಟಿಕ್‌ಲೆ ಮಾಡ್ತಾರಂತ. ಬಿದ್ರ ಹೆಂಗ್ರಿ?" ಎಂದಳು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ, ಉತ್ತರವೂ ಹೊಳೆಯಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಹಿರಿಯರು ಗೋಡೆ ಕಟ್ಟುವಾಗ ಮಣ್ಣಿಗೆ ಹೊಟ್ಟು ಕಲಸಿ ತುಳಿಯುತ್ತಿದ್ದರು. ಬರೀ ಮಣ್ಣು ಬಿರಿಯುತ್ತದೆ, ಬರೀ ಹೊಟ್ಟು ನಿಲ್ಲುವುದಿಲ್ಲ. ಎರಡೂ ಕೂಡಿದರೆ ಗೋಡೆ. ಕಾಂಪೊಸಿಟ್ ಎನ್ನುವುದರ ಗುಟ್ಟೂ ಇಷ್ಟೆ. ಕೂದಲಿಗಿಂತ ಸಣ್ಣ ಕಾರ್ಬನ್ ನಾರುಗಳನ್ನು ಅಂಟಿನಲ್ಲಿ ಕೂಡಿಸಿ, ಕಾಯಿಸಿ ಗಟ್ಟಿ ಮಾಡುತ್ತಾರೆ. ಬೋಯಿಂಗ್ 787 ವಿಮಾನದ ತೂಕದಲ್ಲಿ ಅರ್ಧದಷ್ಟು ಇಂಥ ವಸ್ತುವೇ. ಇದು ದೂರದ ಸಂಗತಿ ಎಂದು ತಿಳಿಯಬೇಡಿ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನವರ 'ಹಂಸ' ಎಂಬ ಎರಡು ಆಸನದ ತರಬೇತಿ ವಿಮಾನದ ಮೈ ಕಾಂಪೊಸಿಟ್‌ನದು. ಅದು ಮೊದಲು ಹಾರಿದ್ದು 1993ರಲ್ಲಿ. ತೇಜಸ್ ಯುದ್ಧವಿಮಾನದ ಕಾಂಪೊಸಿಟ್ ರೆಕ್ಕೆಯ ಹಿಂದೆಯೂ ಅವರ ದುಡಿಮೆ ಇದೆ.

ಹಾಗಾದರೆ ಹುಡುಗಿಯ ಭಯ ಸುಳ್ಳೇ? ಪೂರ್ತಿ ಸುಳ್ಳಲ್ಲ. ನಾವು ಜರ್ಮನ್ ಎಂದು ಕರೆಯುವ ಅಲ್ಯೂಮಿನಿಯಂ ಡಬರಿ ಕೆಳಗೆ ಬಿದ್ದರೆ ನೆಗ್ಗುತ್ತದೆ. ನೆಗ್ಗುವಾಗ ಪೆಟ್ಟನ್ನು ನುಂಗುತ್ತದೆ. ಕಾರ್ಬನ್ ನಾರು ಹಾಗೆ ಬಾಗುವುದಿಲ್ಲ, ಮುರಿಯುತ್ತದೆ. ಆದ್ದರಿಂದ ಎಷ್ಟು ಗಟ್ಟಿ ಎಂಬುದಕ್ಕಿಂತ ಹೇಗೆ ಮುರಿಯುತ್ತದೆ ಎಂಬುದನ್ನು ಪರೀಕ್ಷಿಸಬೇಕಾಯಿತು. 2007ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವು 787ಕ್ಕೆ ವಿಶೇಷ ಷರತ್ತು ಹಾಕಿತು. ಸೆಕೆಂಡಿಗೆ 30 ಅಡಿಯವರೆಗಿನ ವೇಗದಲ್ಲಿ ಹೊಟ್ಟೆಯಡಿಯಾಗಿ ನೆಲಕ್ಕೆ ಬಡಿದರೆ, ಅದೇ ಗಾತ್ರದ ಲೋಹದ ವಿಮಾನದಲ್ಲಿ ಬದುಕುವಷ್ಟೇ ಅವಕಾಶ ಇದರಲ್ಲೂ ಇರಬೇಕು ಎಂಬುದು ಆ ಷರತ್ತು.

ವಿದ್ಯಾರ್ಥಿಗಳೆ, ಇಲ್ಲಿ ಒಂದು ಲೆಕ್ಕ ಮಾಡೋಣ. ಸೆಕೆಂಡಿಗೆ 30 ಅಡಿ ಎಂದರೆ ಸುಮಾರು 9.1 ಮೀಟರ್. ನಮ್ಮ ಮಾಳಿಗೆಗಿಂತ ತುಸು ಎತ್ತರ, ಸುಮಾರು 14 ಅಡಿ ಮೇಲಿಂದ ಬಿದ್ದಾಗ ಬರುವ ವೇಗ ಇದು. ಈ ವೇಗ 5 ಸೆಂಟಿಮೀಟರ್‌ನಲ್ಲಿ ನಿಂತರೆ ಮೈಮೇಲೆ ಬೀಳುವ ಒತ್ತಡ ಸರಾಸರಿ ನಮ್ಮ ತೂಕದ 85 ಪಟ್ಟು. ಅರ್ಧ ಮೀಟರ್‌ನಲ್ಲಿ ನಿಂತರೆ ಎಂಟೂವರೆ ಪಟ್ಟು. ವೇಗ ಅದೇ, ಮನುಷ್ಯನೂ ಅವನೇ. ನಿಲ್ಲಲು ಸಿಕ್ಕ ಜಾಗ ಮಾತ್ರ ಬೇರೆ. ಹೆಲ್ಮೆಟ್ಟಿನೊಳಗಿನ ಥರ್ಮೋಕೋಲ್ ಮಾಡುವುದೂ ಇದನ್ನೇ. ವಿಮಾನದಲ್ಲಿ ಆ ಜಾಗ ಕೊಡುವುದು ಪ್ರಯಾಣಿಕರ ಕಾಲಡಿಯ ಸರಕಿನ ಕೋಣೆ ಮತ್ತು ಅದರ ಕಂಬಗಳು. ಕಾರ್ಬನ್ ನಾರಿನ ಕೊಳವೆಯ ತುದಿಯನ್ನು ಓರೆಯಾಗಿ ಕೆತ್ತಿದರೆ ಅದು ನಡುವೆ ಪಟ್ಟನೆ ಮುರಿಯದೆ ತುದಿಯಿಂದ ಪುಡಿಯಾಗುತ್ತ ಹೋಗುತ್ತದೆ. ಹಾಗೆ ಪುಡಿಯಾಗುವಾಗ, ತೂಕಕ್ಕೆ ತೂಕ ಹೋಲಿಸಿದರೆ, ಅಲ್ಯೂಮಿನಿಯಂಗಿಂತ ಹೆಚ್ಚು ಪೆಟ್ಟು ನುಂಗಬಲ್ಲದು. ನನಗಂತೂ ಇದು ಸೋಜಿಗವೆನಿಸಿತು.

ಪರೀಕ್ಷೆ ಸಣ್ಣ ತುಂಡಿನಿಂದ ಶುರುವಾಗುತ್ತದೆ. ಆಮೇಲೆ ಕೊಳವೆ, ಚೌಕಟ್ಟು, ಕೊನೆಗೆ ವಿಮಾನದ ಮೈಯ ದೊಡ್ಡ ತುಂಡು. 2007ರ ಆಗಸ್ಟ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ ಬೋಯಿಂಗ್‌ನವರು ಅಂಥ ತುಂಡನ್ನು ಸುಮಾರು 15 ಅಡಿ ಎತ್ತರದಿಂದ ಕೆಡವಿದರು. ಪ್ರತಿಯೊಂದು ಸ್ಥಿತಿಯನ್ನೂ ಕೆಡವಿ ನೋಡಲಾಗದು. ಆದ್ದರಿಂದ ಕಂಪ್ಯೂಟರ್ ಲೆಕ್ಕವನ್ನು ಇಂಥ ಪರೀಕ್ಷೆಗೆ ಹೋಲಿಸಿ ನೋಡಿ ಮುಂದುವರಿಯುತ್ತಾರೆ. ನೋಡುವುದು ನಾಲ್ಕು ಸಂಗತಿ: ತಲೆಯ ಮೇಲಿನ ಸಾಮಾನು ಕಳಚಿ ಬಿತ್ತೇ, ಬೆನ್ನುಮೂಳೆಗೆ ಎಷ್ಟು ಪೆಟ್ಟು, ಕೂತವರ ಸುತ್ತ ಜಾಗ ಉಳಿಯಿತೇ, ಹೊರಗೆ ಹೋಗುವ ದಾರಿ ತೆರೆದಿದೆಯೇ.

ಕೊನೆಯದರ ಬೆಲೆ ಕನ್ನಡ ನಾಡಿಗೆ ಚೆನ್ನಾಗಿ ಗೊತ್ತು. 1990ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನ ರನ್‌ವೇಗಿಂತ ಮುಂಚೆಯೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು ಬೆಂಕಿ ಹೊತ್ತಿಕೊಂಡಿತು. 146 ಜನರಲ್ಲಿ 92 ಜನ ತೀರಿಕೊಂಡರು, 54 ಜನ ಉಳಿದರು. 2010ರ ಮೇ 22ರಂದು ದುಬೈನಿಂದ ಮಂಗಳೂರಿಗೆ ಬಂದ ವಿಮಾನ ಕಣಿವೆಗೆ ಉರುಳಿದಾಗ 166ರಲ್ಲಿ ಉಳಿದವರು ಎಂಟೇ ಜನ. ಅವೆರಡೂ ಲೋಹದ ಮೈಯವು. ಕಾಂಪೊಸಿಟ್ ಮೈಯ ಎ350 ವಿಮಾನವೊಂದು 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಇಳಿಯುವಾಗ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದು ಸುಟ್ಟುಹೋಯಿತು. ಎಂಟು ಬಾಗಿಲಲ್ಲಿ ಮೂರೇ ಬಳಸಲು ಬಂದರೂ ಅದರಲ್ಲಿದ್ದ 379 ಜನರೂ ಹೊರಬಂದರು. ಇನ್ನೊಂದು ವಿಮಾನದ ಆರು ಜನರಲ್ಲಿ ಐವರು ಉಳಿಯಲಿಲ್ಲ.

ಅಹಮದಾಬಾದ್ ಮರೆತಿರಾ ಎಂದು ಹಿರಿಯರು ಕೇಳಬಹುದು. ಮರೆತಿಲ್ಲ. 2025ರ ಜೂನ್ 12ರಂದು ಬಿದ್ದದ್ದು 787ವೇ. ವಿಮಾನದಲ್ಲಿದ್ದ 242 ಜನರಲ್ಲಿ ಉಳಿದವರು ಒಬ್ಬರು. ಆ ವೇಗ, ತುಂಬಿದ ಇಂಧನ, ಎದುರಿನ ಕಟ್ಟಡಗಳು ಈ ಪರೀಕ್ಷೆಯ ಎಲ್ಲೆಯನ್ನು ಮೀರಿದವು. ಯಾವ ಪರೀಕ್ಷೆಯೂ ಎಲ್ಲ ಅಪಘಾತಕ್ಕೂ ಜಾಮೀನು ಕೊಡುವುದಿಲ್ಲ. ಇದನ್ನು ಮಕ್ಕಳಿಗೆ ಮುಚ್ಚಿಡಬಾರದೆಂದು ನನ್ನ ಅಭಿಪ್ರಾಯ.

ಆ ಹುಡುಗಿಗೆ ಇದನ್ನೆಲ್ಲ ಹೇಳಿ, ದಾದಿಗೆ ಮೂರು ಮಾತು ತಿಳಿಸು ಎಂದೆ: ಬೆಲ್ಟು ಬಿಗಿಯಾಗಿರಲಿ, ಬಾಗಿಲಿಗೆ ಎಷ್ಟು ಸಾಲು ಎಂದು ಎಣಿಸಿಕೊಳ್ಳಲಿ, ಇಳಿಯಿರಿ ಎಂದರೆ ಚೀಲ ಬಿಟ್ಟು ಇಳಿಯಲಿ. "ಮದೀನಾದ ಖಜೂರಿನ ಚೀಲಾನೂ ಬಿಡಬೇಕೇನ್ರಿ?" ಎಂದು ಕೇಳಿದಳು. ಹೌದಮ್ಮ, ಅದನ್ನೂ ಎಂದೆ.